ಬ್ಯಾಂಕಾಕ್‌ನಲ್ಲಿ ಒಂದೇ ದಿನ: ಬೀದಿಬದಿಯ ತಿನಿಸು ಮತ್ತು ರಾತ್ರಿಯ ತಿರುಗಾಟವನ್ನು ಹೇಗೆ ಹೊಂದಿಸಿಕೊಳ್ಳುವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಮ್ಮ ಬೆನ್ನಚೀಲ ಹೊತ್ತು ಥಾಯ್ಲೆಂಡಿನ ಉತ್ತರ ಭಾಗಕ್ಕೆ ಹೊರಟಿದ್ದು, ದಾರಿಯಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ಪೂರ್ತಿ ದಿನ ಸಿಗುತ್ತದೆ. ಬಂಗ್ಲಂಫು ಭಾಗದಲ್ಲಿ, ಖಾವೊ ಸಾನ್ ರಸ್ತೆಗೆ ಹತ್ತಿರದ ಹಾಸ್ಟೆಲ್ ಒಂದರಲ್ಲಿ ಹಾಸಿಗೆ ಕಾದಿರಿಸಿದ್ದೇವೆ. ಅರಮನೆ, ದೇವಾಲಯಗಳನ್ನು ಹಿಂದಿರುಗುವಾಗ ನೋಡುವ ಯೋಚನೆಯಿರುವುದರಿಂದ ಈ ದಿನವನ್ನು ತಿನ್ನುವುದಕ್ಕೂ ರಾತ್ರಿಯ ನಗರವನ್ನು ನೋಡುವುದಕ್ಕೂ ಮೀಸಲಿಡಬೇಕೆಂದಿದ್ದೇವೆ. ತಮ್ಮ ಮೀನು, ಮಾಂಸ ತಿನ್ನುತ್ತಾನೆ. ನಾನು ಸಸ್ಯಾಹಾರಿ, ಮೊಟ್ಟೆಗೆ ಅಡ್ಡಿಯಿಲ್ಲ. ಎಲ್ಲಿಂದ ಆರಂಭಿಸಬೇಕು, ನಾನು ಯಾವುದನ್ನು ಧೈರ್ಯವಾಗಿ ತಿನ್ನಬಹುದು, ರಾತ್ರಿ ತಡವಾದರೆ ಮರಳುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಬ್ಯಾಂಕಾಕ್‌ನ ಬೀದಿ ಅಡುಗೆಗೆ ಹೊತ್ತು ಗೊತ್ತಿದೆ. ಬೆಳಿಗ್ಗೆ ತುಂಬಿ ತುಳುಕುವ ಓಣಿ ಸಂಜೆಗೆ ಖಾಲಿಯಾಗಿರುತ್ತದೆ, ಹಗಲು ಬರೀ ವಾಹನಗಳು ಓಡುವ ರಸ್ತೆಯಲ್ಲಿ ಕತ್ತಲಾಗುತ್ತಲೇ ಒಲೆಗಳು ಹೊತ್ತಿಕೊಳ್ಳುತ್ತವೆ. ಆದ್ದರಿಂದ ತಿನಿಸುಗಳ ಪಟ್ಟಿ ಹಿಡಿದು ಅಲೆಯುವುದಕ್ಕಿಂತ ಹೊತ್ತಿಗೆ ಸರಿಯಾಗಿ ಬಡಾವಣೆ ಬದಲಾಯಿಸುತ್ತಾ ಹೋಗುವುದು ಉತ್ತಮವೆಂದು ನನ್ನ ಅಭಿಪ್ರಾಯ.

ನಿಮ್ಮ ಹಾಸ್ಟೆಲ್‌ನಿಂದ ಫ್ರಾ ಆಥಿತ್ ದೋಣಿಕಟ್ಟೆಗೆ ನಡೆದೇ ಹೋಗಬಹುದು. ಅಲ್ಲಿ ಕಿತ್ತಳೆ ಬಾವುಟದ ಚಾವೊ ಫ್ರಾಯಾ ಎಕ್ಸ್‌ಪ್ರೆಸ್ ದೋಣಿ ಹತ್ತಿರಿ. ಅದು ಊರಿನ ಜನ ಕೆಲಸಕ್ಕೆ ಹೋಗಲು ಬಳಸುವ ದೋಣಿ. ಎಷ್ಟು ದೂರ ಹೋದರೂ ಸುಮಾರು 16 ಬಹ್ತ್ ಒಂದೇ ದರ. ಪ್ರವಾಸಿಗರ ನೀಲಿ ಬಾವುಟದ ದೋಣಿಗೆ ದರ ಹೆಚ್ಚು, ಹಾಗಾಗಿ ಬಾವುಟದ ಬಣ್ಣ ನೋಡಿಯೇ ಹತ್ತಬೇಕು. ಹೊಳೆಯ ಆಚೆ ದಡದ ವಾಂಗ್ ಲಾಂಗ್‌ನಲ್ಲಿ ಇಳಿದರೆ, 1888ರಲ್ಲಿ ಆರಂಭವಾದ ಸಿರಿರಾಜ್ ಆಸ್ಪತ್ರೆಯ ಮಗ್ಗುಲಲ್ಲೇ ಇಕ್ಕಟ್ಟಾದ ಮಾರುಕಟ್ಟೆಯೊಂದಿದೆ. ಆಸ್ಪತ್ರೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ದಿನವೂ ಉಣ್ಣುವ ಜಾಗವಾದ್ದರಿಂದ ಅಡುಗೆ ಹಳಸುವಷ್ಟು ಹೊತ್ತು ಉಳಿಯುವುದೇ ಇಲ್ಲ. ಮಧ್ಯಾಹ್ನದ ಊಟದ ನೂಕುನುಗ್ಗಲಿಗೆ ಮುಂಚೆಯೇ ಅಲ್ಲಿರಿ.

ಅಲ್ಲಿ ಖನೊಮ್ ಕ್ರೊಕ್ ಮಾಡುವವರು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ನಮ್ಮ ಪಡ್ಡಿನ ಕಾವಲಿಯಂತೆಯೇ ಗುಳಿಗಳಿರುವ ದಪ್ಪ ಕಾವಲಿಗೆ ಅಕ್ಕಿಹಿಟ್ಟಿನ ಸಂಪಣ ಹೊಯ್ದು, ಅದು ಅಂಚಿನಲ್ಲಿ ಗಟ್ಟಿಯಾಗುತ್ತಿರುವಾಗ ಮೇಲೆ ಗಟ್ಟಿ ತೆಂಗಿನಹಾಲು ಸುರಿದು, ಕೆಲವರು ಈರುಳ್ಳಿ ಸೊಪ್ಪನ್ನೋ ಜೋಳದ ಕಾಳನ್ನೋ ಉದುರಿಸುತ್ತಾರೆ. ಮಗುಚುವುದಿಲ್ಲ; ಚಮಚದಿಂದ ಎಬ್ಬಿಸಿ ಎರಡೆರಡನ್ನು ಮುಖಾಮುಖಿ ಜೋಡಿಸಿ ಕೊಡುತ್ತಾರೆ. ತಳ ಗರಿಗರಿಯಾಗಿರುತ್ತದೆ, ಒಳಗಿನದು ಇನ್ನೂ ಹಾಲಿನಂತೆ ತೆಳ್ಳಗಿದ್ದು ನಾಲಿಗೆ ಸುಡುತ್ತದೆ.

ಮಧ್ಯಾಹ್ನದ ಬಿಸಿಲಿನಲ್ಲಿ ತಿರುಗಬೇಡಿ, ಹಾಸ್ಟೆಲ್‌ಗೆ ಮರಳಿ ಮಲಗಿ. ಸಂಜೆ ಮತ್ತೆ ಅದೇ ದೋಣಿಯಲ್ಲಿ ರಾಚವೋಂಗ್ ಕಟ್ಟೆಗೆ ಹೋಗಿ, ಅಲ್ಲಿಂದ ಚೀನೀಯರ ಬಡಾವಣೆಯ ಯಾವೊವರಾತ್ ರಸ್ತೆಗೆ ನಡೆಯಿರಿ. ಕತ್ತಲಾಗುವ ಹೊತ್ತಿಗೆ ತಳ್ಳುಗಾಡಿಗಳೂ ಮಡಚುವ ಮೇಜುಗಳೂ ರಸ್ತೆಯ ಅಂಚನ್ನೆಲ್ಲ ಆಕ್ರಮಿಸಿರುತ್ತವೆ. ಇಬ್ಬರೂ ಒಂದೊಂದು ಗಾಡಿಯಲ್ಲಿ ಒಂದೊಂದೇ ತಟ್ಟೆ ಕೊಂಡು ಹಂಚಿಕೊಳ್ಳಿ. ಮೊದಲ ಗಾಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡವರಿಗೆ ಆ ರಸ್ತೆ ವ್ಯರ್ಥ. ಕೊನೆಯಲ್ಲಿ ಮಾವಿನ ಹಣ್ಣು, ಅಂಟು ಅಕ್ಕಿಯ ಅನ್ನ ಮತ್ತು ತೆಂಗಿನಹಾಲಿನ ಸಿಹಿಯನ್ನು ತಿನ್ನಲೇಬೇಕು.

ಅಲ್ಲಿಂದ ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಸಗಟು ಮಾರುಕಟ್ಟೆಗೆ ಹೋಗಿ. ಹಗಲಿಗಿಂತ ರಾತ್ರಿಯೇ ಅಲ್ಲಿ ವ್ಯಾಪಾರ ಬಿರುಸು. ವಾತ್ ಮಂಗ್‌ಕೋನ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಎರಡನೆಯ ನಿಲ್ದಾಣವಾದ ಸನಾಮ್ ಚಾಯ್‌ನಲ್ಲಿ ಇಳಿಯಬೇಕು. ಮದ್ಯದಂಗಡಿಯ ಗದ್ದಲಕ್ಕಿಂತ, ಮಲ್ಲಿಗೆ ಮತ್ತು ಚೆಂಡುಹೂವಿನ ಮೂಟೆಗಳ ನಡುವೆ ಹಾರ ಕಟ್ಟುತ್ತಾ ಎಚ್ಚರವಾಗಿರುವ ಆ ಓಣಿಗಳೇ ನನಗೆ ಬ್ಯಾಂಕಾಕ್‌ನ ನಿಜವಾದ ರಾತ್ರಿಯೆನಿಸುತ್ತವೆ.

ಉತ್ತರ 2

ಮೇಲಿನವರು ದಾರಿಯನ್ನು ಚೆನ್ನಾಗಿ ಹೇಳಿದ್ದಾರೆ; ನಾನು ಸಸ್ಯಾಹಾರದ ವಿಷಯವನ್ನಷ್ಟೇ ಸೇರಿಸುತ್ತೇನೆ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಮೀನಿನ ಸಾಸ್ ಮಾಡುತ್ತದೆ. ತಟ್ಟೆಯಲ್ಲಿ ಬರೀ ತರಕಾರಿ ಕಂಡ ಮಾತ್ರಕ್ಕೆ ಅದು ಸಸ್ಯಾಹಾರವೆಂದು ತಿಳಿಯಬಾರದು. ಹಸಿ ಪಪ್ಪಾಯಿಯ ಸೋಮ್ ತಾಮ್‌ನಲ್ಲಿ ಒಣ ಸೀಗಡಿಯೂ ಇರುತ್ತದೆ, ಹುರಿದ ನೂಡಲ್ಸ್ ಆದ ಪ್ಯಾಡ್ ಥಾಯ್‌ನಲ್ಲಿ ಸೀಗಡಿ ತೆಗೆಸಿದರೂ ಸಾಸ್ ಉಳಿಯುತ್ತದೆ, ಹುರಿದ ಸೊಪ್ಪಿಗೆ ಚಿಪ್ಪುಜೀವಿಯಿಂದ ಮಾಡುವ ಸಿಂಪಿ ಸಾಸ್ ಬೀಳುತ್ತದೆ. ಮಾಂಸ ಹುರಿದ ಬಾಣಲೆಯಲ್ಲೇ ನಿಮ್ಮದನ್ನೂ ಹುರಿಯುವುದು ಸಾಮಾನ್ಯ. ಅದು ನಿಮಗೆ ಒಪ್ಪಿಗೆಯೇ ಎಂದು ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳಿ.

ನೀವು ಹುಡುಕಬೇಕಾದದ್ದು ಹಳದಿ ಹಿನ್ನೆಲೆಯ ಮೇಲೆ, ನೋಡಲು 17 ಎಂಬ ಅಂಕಿಯಂತಿರುವ ಕೆಂಪು ಥಾಯ್ ಅಕ್ಷರಗಳ ಫಲಕ ಅಥವಾ ಬಾವುಟವನ್ನು. ಅದನ್ನು 'ಜೇ' ಎನ್ನುತ್ತಾರೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲವಾದ್ದರಿಂದ ನಮ್ಮಲ್ಲಿ ಮಡಿ ಅಡುಗೆ ಉಣ್ಣುವವರಿಗೂ ಹೊಂದುತ್ತದೆ. ಬೇರೆ ಗಾಡಿಗಳಲ್ಲಿ 'ಕಿನ್ ಜೇ' (ಜೇ ತಿನ್ನುತ್ತೇನೆ) ಎಂದು ಹೇಳಿದರೆ ಅರ್ಥಮಾಡಿಕೊಂಡು, ಆಗದಿದ್ದರೆ ಆಗದೆಂದು ತಲೆಯಾಡಿಸುತ್ತಾರೆ.

ನೂಡಲ್ಸ್ ಗಾಡಿಯ ಮೇಜಿನ ಮೇಲೆ ನಾಲ್ಕು ಪುಟ್ಟ ಭರಣಿಗಳಿರುತ್ತವೆ: ಸಕ್ಕರೆ, ಒಣಮೆಣಸಿನ ಪುಡಿ, ಮೆಣಸಿನಕಾಯಿ ನೆನೆಸಿದ ವಿನೆಗರ್, ಮೆಣಸಿನಕಾಯಿ ಬೆರೆಸಿದ ಮೀನಿನ ಸಾಸ್. ಕೊನೆಯದನ್ನು ತಮ್ಮನಿಗೆ ಬಿಡಿ. ಪಾನೀಯಕ್ಕೆ ಹಾಕುವ, ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯಲ್ಲಿ ತಯಾರಾದದ್ದಾದ್ದರಿಂದ ಹೆದರಬೇಕಿಲ್ಲ. ನಲ್ಲಿ ನೀರನ್ನು ಮಾತ್ರ ಕುಡಿಯಬೇಡಿ.

ಉತ್ತರ 3

ಹೂವಿನ ಮಾರುಕಟ್ಟೆಯ ಮಾತನ್ನು ಒಪ್ಪುತ್ತೇನೆ, ಆದರೆ ಖಾವೊ ಸಾನ್ ರಸ್ತೆಯನ್ನು ಬಿಟ್ಟುಬಿಡುವುದು ಸರಿಯಲ್ಲ. ಸಂಗೀತ ಕಿವಿಗಡಚಿಕ್ಕುತ್ತದೆ, ಬೆಲೆಯೂ ಹೆಚ್ಚು, ನಿಜ. ಆದರೂ ಉತ್ತರದಿಂದ ಈಗತಾನೇ ಇಳಿದು ಬಂದ ಬೆನ್ನಚೀಲದವರೊಡನೆ ಮಾತಿಗೆ ಕೂರಲು ಅದಕ್ಕಿಂತ ಸುಲಭವಾದ ಜಾಗವಿಲ್ಲ. ಗದ್ದಲ ಸಾಕೆನಿಸಿದರೆ ಪಕ್ಕದ ಸೋಯ್ ರಂಬುತ್ರಿ ಎಂಬ ಓಣಿಗೆ ಬನ್ನಿ. ಅಲ್ಲಿ ಮರದ ಕೆಳಗೆ ಕುಳಿತು ಹರಟಬಹುದು.

ಅಲ್ಲಿ ಪುಟ್ಟ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮದ್ಯ ಬೆರೆಸಿ ಕೊಡುತ್ತಾರೆ. ಎಷ್ಟು ಸುರಿದಿದ್ದಾರೆಂಬುದು ತಿಳಿಯದ ಕಾರಣ ಅದರಿಂದ ದೂರವಿರುವುದೇ ಕ್ಷೇಮ. 20 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇ-ಸಿಗರೇಟ್ ಕಾನೂನುಬಾಹಿರ. ಗಾಂಜಾ ಅಂಗಡಿಗಳು ಕಂಡರೂ 2025ರ ಜೂನ್‌ನಿಂದ ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳುವಂತಿಲ್ಲ.

ಮರಳುವ ವಿಷಯಕ್ಕೆ ಬಂದರೆ, ದೋಣಿಗಳು ಸಂಜೆಗೇ ನಿಲ್ಲುತ್ತವೆ, ಮೆಟ್ರೊ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ, ಮತ್ತು ಖಾವೊ ಸಾನ್ ಮಗ್ಗುಲಿಗೆ ಮೆಟ್ರೊ ನಿಲ್ದಾಣವೇ ಇಲ್ಲ. ಮೀಟರ್ ಹಾಕುವ ಟ್ಯಾಕ್ಸಿಯನ್ನೋ ವಾಹನ ಕರೆಸುವ ಗ್ರಾಬ್ ಆ್ಯಪನ್ನೋ ನೆಚ್ಚಿಕೊಳ್ಳಿ. ಟುಕ್‌ಟುಕ್ (ಮೂರು ಚಕ್ರದ ಆಟೊ) ಆದರೆ ಹತ್ತುವ ಮೊದಲೇ ದರ ಮಾತಾಡಿ. ಇಂದು ದೇವಾಲಯ ಮುಚ್ಚಿದೆ, ಬೇರೆ ಕಡೆ ಅಗ್ಗದಲ್ಲಿ ಸುತ್ತಿಸುತ್ತೇನೆ ಎಂದು ದಾರಿಯಲ್ಲಿ ಯಾರಾದರೂ ತಡೆದರೆ ನಿಲ್ಲದೆ ಮುಂದೆ ನಡೆಯಿರಿ. ಅಂಥವರು ಕೊನೆಗೆ ಕರೆದೊಯ್ಯುವುದು ಹರಳಿನ ಅಂಗಡಿಗೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 17ರಂತೆ ಕಾಣುವ ಫಲಕದ ವಿವರ ನನ್ನ ದೊಡ್ಡ ಚಿಂತೆಯನ್ನು ಕಳೆಯಿತು. ಹೇಳಲು ಬಿಟ್ಟ ಸಂಗತಿಯೊಂದಿದೆ: ನಾವು ಭಾನುವಾರ ಸಂಜೆ ಬಂದಿಳಿಯುತ್ತೇವೆ, ನಮಗೆ ಸಿಗುವ ಪೂರ್ತಿ ದಿನ ಸೋಮವಾರ. ಇದರಿಂದ ಏನಾದರೂ ಬದಲಾಗುತ್ತದೆಯೇ?

ಉತ್ತರ 1

ಬದಲಾಗುತ್ತದೆ. ಸೋಮವಾರ ಯಾವೊವರಾತ್‌ನ ಗಾಡಿಗಳವರಲ್ಲಿ ಹೆಚ್ಚಿನವರಿಗೆ ಬಿಡುವಿನ ದಿನ. ಕಟ್ಟಡದೊಳಗಿನ ಅಂಗಡಿಗಳು ತೆರೆದಿದ್ದರೂ ರಸ್ತೆಯ ಮೇಲಿನ ಸಂಭ್ರಮ ಇರುವುದಿಲ್ಲ. ಆದ್ದರಿಂದ ಭಾನುವಾರ ಚೀಲಗಳನ್ನು ಹಾಸ್ಟೆಲ್‌ನಲ್ಲಿಟ್ಟು ನೇರವಾಗಿ ಯಾವೊವರಾತ್‌ಗೆ ಹೋಗಿ. ಅಷ್ಟು ಹೊತ್ತಿಗೆ ದೋಣಿ ಸಿಗದಿರಬಹುದು, ಟ್ಯಾಕ್ಸಿ ಹಿಡಿಯಿರಿ. ಸೋಮವಾರ ಹಗಲಿಗೆ ವಾಂಗ್ ಲಾಂಗ್, ಸಂಜೆಗೆ ರಂಬುತ್ರಿ ಮತ್ತು ಖಾವೊ ಸಾನ್ ಇಟ್ಟುಕೊಂಡು, ಹೂವಿನ ಮಾರುಕಟ್ಟೆಯನ್ನು ಎರಡರಲ್ಲಿ ಯಾವ ರಾತ್ರಿ ಕಾಲಲ್ಲಿ ಶಕ್ತಿ ಉಳಿದಿರುತ್ತದೆಯೋ ಆ ರಾತ್ರಿಗೆ ಸೇರಿಸಿಕೊಳ್ಳಿ.