ಲೀಸ್ ಕಾರಿಗೆ ಅಪಘಾತ: ವಿಮೆಯಲ್ಲಿ ರಿಪೇರಿಯೋ, ಕೈಯಿಂದ ಕೊಟ್ಟು ಮಾಡಿಸುವುದೋ? ಅನುಭವ ಇದ್ದವರು ತಿಳಿಸಿ

ಹೆಬ್ಬಾಳ ಪ್ರಯಾಣಿಕ: ಕೆಲಸ ಮಾಡುವ ಕಂಪನಿಯ ಮೂಲಕ ಲೀಸ್‌ಗೆ ಪಡೆದ ಕಾರು ನನ್ನದು. ಬಾಡಿಗೆ ಸಂಬಳದಲ್ಲೇ ಕಡಿತವಾಗುತ್ತದೆ, ಅವಧಿ ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚಿದೆ. ಕಳೆದ ವಾರ ಹೆಬ್ಬಾಳ ಮೇಲ್ಸೇತುವೆ ಇಳಿಯುವಲ್ಲಿ ಗೂಡ್ಸ್ ಆಟೊ ಒಂದು ಎಡಬದಿಗೆ ಉಜ್ಜಿಕೊಂಡು ಹೋಯಿತು. ಹಿಂಬಾಗಿಲು ನೆಗ್ಗಿದೆ, ಬಂಪರ್‌ನ ಮೂಲೆ ಸೀಳಿದೆ. ಅಧಿಕೃತ ವರ್ಕ್‌ಶಾಪ್‌ನವರು 62,000 ರೂಪಾಯಿ ಅಂದಾಜು ಕೊಟ್ಟಿದ್ದಾರೆ. ಮನೆಯ ಹತ್ತಿರದ ಟಿಂಕರಿಂಗ್ ಶೆಡ್‌ನವರು 18,000ಕ್ಕೆ ಮುಗಿಸಿಕೊಡುತ್ತೇವೆ ಎನ್ನುತ್ತಾರೆ. ಲೀಸಿಂಗ್ ಕಂಪನಿಗೆ ಇನ್ನೂ ತಿಳಿಸಿಲ್ಲ. ಏನು ಮಾಡುವುದು ಒಳಿತು?

ರಾಜಾಜಿನಗರದವನು: ಶೆಡ್‌ಗೇ ಕೊಡಿ. ನನ್ನ ಲೀಸ್ ಕಾರಿನ ಮುಂಭಾಗಕ್ಕೆ ತುಮಕೂರು ರಸ್ತೆಯಲ್ಲಿ ಲಾರಿಯ ಹಿಂಬದಿ ತಾಗಿ ಬಾನೆಟ್, ಗ್ರಿಲ್, ಎಡ ಫೆಂಡರ್ ಮೂರೂ ಹಾಳಾದಾಗ ವರ್ಕ್‌ಶಾಪ್‌ನವರು ಫೆಂಡರನ್ನೇ ಬದಲಿಸಬೇಕೆಂದು ಹಟ ಹಿಡಿದರು. ನನ್ನ ಮೇಸ್ತ್ರಿ ಅದೇ ಫೆಂಡರನ್ನು ಒಳಗಿನಿಂದ ಬಡಿದು, ಪುಟ್ಟಿಯನ್ನು ಬೇಕಾದಷ್ಟೇ ಬಳಿದು, ಬೂತ್‌ನಲ್ಲಿ ಬಣ್ಣ ಹೊಡೆಸಿ 21,500ಕ್ಕೆ ಕೊಟ್ಟರು. ಅದರಲ್ಲಿ ಗ್ರಿಲ್‌ಗೆ 4,200, ಬಣ್ಣಕ್ಕೆ 9,000, ಉಳಿದದ್ದು ಕೂಲಿ. ಇಂದಿಗೂ ಬಿಸಿಲಿನಲ್ಲಿ ನಿಂತು ನೋಡಿದರೆ ಎರಡು ಬಣ್ಣ ಕಾಣುವುದಿಲ್ಲ. ಹಾನಿ ಅಳೆಯಲು ವಿಮೆಯ ಕಡೆಯಿಂದ ಬರುವ ಸರ್ವೇಯರ್‌ಗೆ ಕಾಯುವ ಕಷ್ಟವಿಲ್ಲ, ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದರೆ ಮುಂದಿನ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಉಳಿಯಿತು.

ಕಸವನಹಳ್ಳಿ: ಈ ಸಲಹೆಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ. ನಾನು ಲೀಸಿಂಗ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದೇ ಹೊರಗಡೆ ಬಾಗಿಲಿನ ಕೆಲಸ ಮಾಡಿಸಿದ್ದೆ. ಅವಧಿ ಮುಗಿದು ಕಾರು ಮರಳಿಸುವ ದಿನ ಬಂದ ಪರಿಶೀಲಕರು ಜೇಬಿನಿಂದ ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ತೆಗೆದು ಪ್ರತಿ ಫಲಕಕ್ಕೂ ಒತ್ತುತ್ತ ಹೋದರು. ಬಾನೆಟ್‌ನಲ್ಲಿ 118 ಮೈಕ್ರಾನ್, ಬಲ ಬಾಗಿಲಿನಲ್ಲಿ 124, ಎಡ ಹಿಂಬಾಗಿಲಿಗೆ ಬಂದಾಗ 640. ಯಂತ್ರ ತೋರಿಸಿದ್ದನ್ನು ಟ್ಯಾಬ್‌ನಲ್ಲಿ ಫೋಟೊ ಹಿಡಿದು, "ಅನಧಿಕೃತ ದುರಸ್ತಿ" ಎಂದು ಬರೆದುಕೊಂಡರು. ಬಾಗಿಲು ಬದಲಾವಣೆ, ಪಕ್ಕದ ಫಲಕಕ್ಕೆ ಬಣ್ಣ, ಮೌಲ್ಯ ಇಳಿಕೆ ಎಂದು 41,300 ರೂಪಾಯಿಯನ್ನು ಕೊನೆಯ ಸಂಬಳದಲ್ಲಿ ಹಿಡಿದರು. ಫೋನಿನಲ್ಲಿ ಒಪ್ಪಿಗೆ ಕೊಟ್ಟದ್ದಕ್ಕೆ ದಾಖಲೆಯೇ ಇಲ್ಲವಂತೆ. ಶೆಡ್‌ಗೆ ಮೊದಲೇ ಕೊಟ್ಟಿದ್ದ 16,000 ಬೇರೆ.

ರಾಜಾಜಿನಗರದವನು: ನಿಮ್ಮ ಮೇಸ್ತ್ರಿ ಪುಟ್ಟಿ ಮೆತ್ತಿದರೆ ಅದು ಎಲ್ಲ ಮೇಸ್ತ್ರಿಗಳ ತಪ್ಪಲ್ಲ. ನನಗೆ ಪರಿಶೀಲನೆಯೇ ಆಗಲಿಲ್ಲ, ಏಕೆಂದರೆ ಅವಧಿಯ ಕೊನೆಗೆ ಕಾರನ್ನು ನಾನೇ ಕೊಂಡುಕೊಂಡೆ.

ಕಸವನಹಳ್ಳಿ: ಕೊಂಡುಕೊಂಡ ಸಂಗತಿಯನ್ನು ಮೊದಲೇ ಹೇಳಬೇಕಿತ್ತು ಸ್ವಾಮಿ! ಮರಳಿಸುವವರ ಪಾಡೇ ಬೇರೆ. ಇನ್ನು ನೋ ಕ್ಲೇಮ್ ಬೋನಸ್ ಉಳಿಯಿತು ಎಂದಿರಲ್ಲ, ಪಾಲಿಸಿ ಲೀಸಿಂಗ್ ಕಂಪನಿಯ ಹೆಸರಿನಲ್ಲಿದ್ದರೆ ಆ ಬೋನಸ್ಸೂ ಅವರದೇ. ನೀವು ಕೈಯಿಂದ 21,500 ಕೊಟ್ಟು ಉಳಿಸಿದ್ದು ಅವರ ಪ್ರೀಮಿಯಂ.

ಜೆ.ಪಿ. ನಗರ ಆರನೇ ಹಂತ: ಕ್ಲೇಮ್ ಮಾಡಿದರೆ ಎಲ್ಲವೂ ಸುಸೂತ್ರ ಎಂಬ ಭ್ರಮೆಯೂ ಬೇಡ. ನನ್ನ ಕಾರು ಮೂರನೇ ವರ್ಷದಲ್ಲಿತ್ತು. ಲೀಸಿಂಗ್ ಕಂಪನಿ ನನ್ನನ್ನು ಕೇಳದೆ ಆ ವರ್ಷದ ನವೀಕರಣದಲ್ಲಿ ಜೀರೊ ಡೆಪ್ರಿಸಿಯೇಷನ್ (ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಡಿಯದಿರುವ ಹೆಚ್ಚುವರಿ ರಕ್ಷಣೆ) ಕೈಬಿಟ್ಟಿತ್ತು, ಅದು ಗೊತ್ತಾದದ್ದು ಬಿಲ್ ಬಂದ ಮೇಲೆ. ಲೆಕ್ಕ ಹೇಳುತ್ತೇನೆ. ಬಂಪರ್ 9,800, ಹಿಂದಿನ ದೀಪ 7,400, ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಮೇಲಿನ ಲೋಹದ ಫಲಕ) 14,600, ಕೂಲಿ 11,200, ಬಣ್ಣ 16,000. ತೆರಿಗೆಗೆ ಮುಂಚೆ ಒಟ್ಟು 59,000. ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಂತೆ 8,600 ಕಡಿತ. ಎರಡರಿಂದ ಮೂರು ವರ್ಷದ ಕಾರಿನ ಲೋಹಕ್ಕೆ ಶೇ. 15ರಂತೆ 2,190. ಬಣ್ಣದ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿ ಎಂದು ಪರಿಗಣಿಸಿ ಅದರ ಅರ್ಧ, ಅಂದರೆ 2,000. ಮೇಲೆ ಪ್ರತಿ ಕ್ಲೇಮ್‌ನಲ್ಲೂ ನಾವೇ ಹೊರಬೇಕಾದ ಕಡ್ಡಾಯ ಕಡಿತ 1,000. ಅಲ್ಲಿಗೆ 13,790.

ಇಷ್ಟನ್ನು ಸಹಿಸಬಹುದಿತ್ತು. ಆದರೆ ವಿಮಾದಾರರು, ಪಾಲಿಸಿ ಇರುವುದು ಜಿಎಸ್‌ಟಿ ನೋಂದಣಿಯುಳ್ಳ ಕಂಪನಿಯ ಹೆಸರಿನಲ್ಲಿ, ಆದ್ದರಿಂದ ತೆರಿಗೆಯನ್ನು ಅವರು ಇನ್‌ಪುಟ್ ಕ್ರೆಡಿಟ್ ಆಗಿ (ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು) ಪಡೆದುಕೊಳ್ಳಲಿ ಎಂದು ತೆರಿಗೆಯ ಭಾಗವನ್ನೇ ಕೊಡಲಿಲ್ಲ. ಬಿಡಿಭಾಗಗಳಿಗೆ ಆಗ ಶೇ. 28 ಇತ್ತು, 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ತೆರಿಗೆಯೇ 13,800 ಆಯಿತು. ಲೀಸಿಂಗ್ ಕಂಪನಿಯವರೋ, ವರ್ಕ್‌ಶಾಪ್ ಬಿಲ್ಲನ್ನು ನಿಮ್ಮ ಹೆಸರಿಗೆ ಮಾಡಿದೆ, ಕ್ರೆಡಿಟ್ ನಮಗೆ ಬರುವುದಿಲ್ಲ ಎಂದರು. 72,800ರಲ್ಲಿ 27,590 ನಾನೇ ಕಟ್ಟಿ ಕಾರು ಬಿಡಿಸಿಕೊಂಡೆ. ಬಿಲ್ಲಿನ ಮೇಲೆ ಯಾರ ಜಿಎಸ್‌ಟಿ ಸಂಖ್ಯೆ ಬರಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಇದನ್ನು ಯಾವ ಸಹಾಯವಾಣಿಯೂ ತಾನಾಗಿ ಹೇಳುವುದಿಲ್ಲ.

ಬೆಳ್ಳಂದೂರು ನಿವಾಸಿ: ಬಂಪರ್, ದೀಪಗಳ ಲೆಕ್ಕ ಓದುತ್ತಿದ್ದರೆ ನನ್ನ ಹೊಟ್ಟೆ ಉರಿಯುತ್ತದೆ. 2022ರ ಸೆಪ್ಟೆಂಬರ್‌ನ ಮಳೆಗೆ ಹೊರವರ್ತುಲ ರಸ್ತೆ ಮುಳುಗಿದಾಗ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೀರು ಕಾರಿನ ಡ್ಯಾಶ್‌ಬೋರ್ಡಿನವರೆಗೆ ನಿಂತಿತ್ತು. ನೀರಿಳಿದ ಮೇಲೂ ನಾನು ಕೀಲಿ ತಿರುಗಿಸಲಿಲ್ಲ, ಯಾರಿಗೂ ತಿರುಗಿಸಲು ಬಿಡಲಿಲ್ಲ. ಪಕ್ಕದ ಮನೆಯವರು ಸ್ಟಾರ್ಟ್ ಮಾಡಿ ನೋಡಿದರು. ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಿತು, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದ ಕಾರಣ ಎಂಜಿನ್ ವೆಚ್ಚ ಪೂರ್ತಿ ಅವರ ತಲೆಗೆ ಬಂತು.

ನನ್ನ ಕಾರಿನ ದುರಸ್ತಿ ಅಂದಾಜು 5,95,000. ಘೋಷಿತ ಮೌಲ್ಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಗೊತ್ತುಮಾಡಿದ ಬೆಲೆ, 7,20,000 ಇತ್ತು. ದುರಸ್ತಿ ವೆಚ್ಚ ಅದರ ಶೇ. 75 ದಾಟಿದರೆ ಪೂರ್ಣ ನಷ್ಟ ಎಂದು ಲೆಕ್ಕ, ಅಂದರೆ 5,40,000ದ ಗಡಿ ದಾಟಿತ್ತು. ವಿಮೆಯ ಹಣ ನೇರವಾಗಿ ಲೀಸಿಂಗ್ ಕಂಪನಿಗೆ ಹೋಯಿತು. ಅವರು ಅವಧಿಗೆ ಮುನ್ನ ಮುಕ್ತಾಯದ ಮೊತ್ತ ಎಂದು ತೋರಿಸಿದ್ದು 8,65,000. ಕಡ್ಡಾಯ ಕಡಿತವನ್ನು ಬಿಟ್ಟು ನೋಡಿದರೂ ನಡುವಿನ 1,45,000 ನನ್ನ ಸಂಬಳದಿಂದ ಹೋಯಿತು. ಕಾರು ಕೆಸರು ಮೆತ್ತಿಕೊಂಡು ವರ್ಕ್‌ಶಾಪ್‌ನ ಅಂಗಳದಲ್ಲಿ ನಿಂತಿದ್ದ ತಿಂಗಳುಗಳ ಬಾಡಿಗೆಯನ್ನೂ ಬಿಡಲಿಲ್ಲ. ಇನ್‌ವಾಯ್ಸ್ ಮೌಲ್ಯ ಮರಳಿಸುವ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿ ಇದ್ದಿದ್ದರೆ ಈ ಅಂತರ ನನ್ನ ಮೇಲೆ ಬೀಳುತ್ತಿರಲಿಲ್ಲ.

ಮೈಸೂರು ರಸ್ತೆ: ಇಷ್ಟೆಲ್ಲ ಏಕೆ ಹೆದರಬೇಕು? ಆರ್‌ಸಿಯಲ್ಲಿ ಹೆಸರು ಲೀಸಿಂಗ್ ಕಂಪನಿಯದು. ಮಾಲೀಕರು ಅವರು, ಜವಾಬ್ದಾರಿಯೂ ಅವರದೇ. ನೀವೇಕೆ ಕಟ್ಟಬೇಕು?

ಜೆ.ಪಿ. ನಗರ ಆರನೇ ಹಂತ: ತಿಳಿಯದ ವಿಷಯವನ್ನು ಇಷ್ಟು ಖಚಿತವಾಗಿ ಹೇಳಿ ಜನರನ್ನು ದಾರಿ ತಪ್ಪಿಸಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30) ಓದಿ. ಲೀಸ್ ಕರಾರಿನಲ್ಲಿರುವ ವಾಹನಕ್ಕೆ ಆ ಕರಾರಿನಡಿ ಸ್ವಾಧೀನದಲ್ಲಿ ಇಟ್ಟುಕೊಂಡವರೇ ಮಾಲೀಕರು ಎಂದು ವ್ಯಾಖ್ಯಾನದಲ್ಲೇ ಇದೆ. ಅದೂ ಸಾಲದೆಂದು, ನಾವು ಸಹಿ ಹಾಕುವ ಕರಾರಿನಲ್ಲಿ ದುರಸ್ತಿ, ದಂಡ, ಕೊರತೆ ಎಲ್ಲವನ್ನೂ ನಮ್ಮ ಮೇಲೆಯೇ ಹೊರಿಸಿರುತ್ತಾರೆ.

ಮೈಸೂರು ರಸ್ತೆ: ಹಾಗಾದರೆ ಲೀಸ್ ಏಕೆ ತೆಗೆದುಕೊಂಡಿರಿ? ಸಾಲ ಮಾಡಿ ಸ್ವಂತ ಕಾರು ಕೊಂಡ ನನಗೆ ಈ ಯಾವ ಗೋಳೂ ಇಲ್ಲ.

ಬೆಳ್ಳಂದೂರು ನಿವಾಸಿ: ತೆರಿಗೆಯಲ್ಲಿ ಉಳಿತಾಯವಾಗುತ್ತದೆ ಎಂದು ತೆಗೆದುಕೊಂಡೆವು, ಆ ಉಳಿತಾಯ ನಿಜವೇ. ಸ್ವಂತ ಕಾರಿದ್ದವರು ಲೀಸ್‌ದಾರರಿಗೆ ಬುದ್ಧಿ ಹೇಳಲು ಇಲ್ಲಿಗೆ ಬರಬೇಕಾಗಿಲ್ಲ.

ಹೆಬ್ಬಾಳ ಪ್ರಯಾಣಿಕ: ಎಲ್ಲರಿಗೂ ಕೃತಜ್ಞತೆಗಳು. ಲೀಸಿಂಗ್ ಕಂಪನಿಗೆ ಫೋಟೊಗಳೊಂದಿಗೆ ಇಮೇಲ್‌ನಲ್ಲೇ ತಿಳಿಸಿದ್ದೇನೆ, ಪಾಲಿಸಿಯ ಪ್ರತಿಯನ್ನೂ ತರಿಸಿಕೊಂಡೆ. ಜೀರೊ ಡೆಪ್ರಿಸಿಯೇಷನ್ ಇದೆ, ಇನ್‌ವಾಯ್ಸ್ ರಕ್ಷಣೆ ಇಲ್ಲ. ಅಂದಾಜು 50,000 ಮೀರಿರುವುದರಿಂದ ಪರವಾನಗಿ ಪಡೆದ ಸರ್ವೇಯರ್ ಬರಬೇಕಂತೆ. ಲೀಸಿಂಗ್ ಕಂಪನಿಯ ಅನುಮತಿ ಪತ್ರ ಕೈಸೇರುವವರೆಗೆ ವರ್ಕ್‌ಶಾಪ್‌ನವರು ಕಾರನ್ನು ಮುಟ್ಟುವುದಿಲ್ಲವಂತೆ. ಜಿಎಸ್‌ಟಿ ಸಂಖ್ಯೆಯ ಪ್ರಶ್ನೆಯನ್ನು ಮೂವರಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿದ್ದೇನೆ. ಗೂಡ್ಸ್ ಆಟೊದ ವಿಮೆಯಿಂದ ಏನಾದರೂ ಪಡೆಯಲು ಸಾಧ್ಯವೇ ಎಂಬುದನ್ನು ಯಾರೂ ಹೇಳಲಿಲ್ಲ.

ಕಸವನಹಳ್ಳಿ: ಅದಕ್ಕೆ ಪೊಲೀಸ್ ದೂರು ದಾಖಲಾಗಿರಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನನ್ನ ಪ್ರಕರಣದಲ್ಲಿ, ಅರ್ಜಿಗೆ ಸಹಿ ಹಾಕಲು ಲೀಸಿಂಗ್ ಕಂಪನಿಯವರು ಯಾರನ್ನೂ ಕಳಿಸಲಿಲ್ಲ. ಬಾಗಿಲಿನ ದುಡ್ಡು ಹಿಡಿಯುವಾಗ ಮಾತ್ರ ಅವರಿಗೆ ಕಾರು ತಮ್ಮದೆಂಬ ನೆನಪು ಬಂತು.