ಸೀಸರ್‌ನ ‘ನಾಲ್ಕನೇ ಗಂಟೆ’ ಟೈಮ್‌ಲೈನ್‌ನಲ್ಲಿ ಕೂರುತ್ತಿಲ್ಲ, ಎಲ್ಲಿ ತಪ್ಪಾಗಿದೆ?

ನಕ್ಷೆಪ್ರಿಯ:
ಗೆಳೆಯರೇ, ರೋಮನ್ ಸೇನಾಪತಿ ಸೀಸರ್ ಬರೆದ ಗಾಲ್ (ಇಂದಿನ ಫ್ರಾನ್ಸ್ ಸುತ್ತಲಿನ ನಾಡು) ಯುದ್ಧದ ಕಥೆಗೆ ಟೈಮ್‌ಲೈನ್ ಮಾಡುತ್ತಿದ್ದೇನೆ. ಕ್ರಿ.ಪೂ. 55ರಲ್ಲಿ ಅವನು ಬ್ರಿಟನ್‌ಗೆ ಹೋದ ಭಾಗದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಮೂರನೇ ವಿಜಿಲಿಯಾ’ದಲ್ಲಿ ಹೊರಟ, ‘ನಾಲ್ಕನೇ ಗಂಟೆ’ಗೆ ತಲುಪಿದ, ‘ಒಂಬತ್ತನೇ ಗಂಟೆ’ವರೆಗೆ ಲಂಗರು ಹಾಕಿ ಕಾದ ಅಂತಿದೆ. ನಾನು ರಾತ್ರಿ 3, 4, ಬೆಳಿಗ್ಗೆ 9 ಅಂತ ತುಂಬಿದೆ. ಒಂದೇ ತಾಸಿನಲ್ಲಿ ಕಡಲು ದಾಟಿದ ಹಾಗಾಯಿತು! ಆ ಕತ್ತಲಲ್ಲಿ ಗುಡ್ಡದ ಮೇಲಿನ ಶತ್ರುಗಳು ಹೇಗೆ ಕಂಡರು? ಇನ್ನೊಂದು, ‘ನಮ್ಮ ತಂದೆಯರ ನೆನಪಿನಲ್ಲಿ’ ಅಂದರೆ ಎಷ್ಟು ವರ್ಷ ಹಿಂದಕ್ಕೆ ಹಾಕಲಿ?

ಹಳೆಗಡಿಯಾರ:
ವಿಜಿಲಿಯಾ ಅಂದರೆ ಗಂಟೆ ಅಲ್ಲ, ಜಾವ. ನಮ್ಮಲ್ಲಿ ರಾತ್ರಿಗೆ ನಾಲ್ಕು ಜಾವ ಅಲ್ವಾ, ರೋಮನ್ ಸೈನ್ಯದ ಕಾವಲೂ ಹಾಗೇ. ಮೂರನೇ ಜಾವ ಶುರುವಾಗುವುದು ನಡುರಾತ್ರಿಗೆ.

ಇನ್ನು ಗಂಟೆ. ಅವರು ಸೂರ್ಯ ಹುಟ್ಟಿದಾಗಿಂದ ಎಣಿಸುತ್ತಿದ್ದರು. ಹಗಲು ಎಷ್ಟೇ ಉದ್ದವಿರಲಿ, 12 ಭಾಗ. ಹಾಗಾಗಿ ಬೇಸಿಗೆಯ ಗಂಟೆ ಉದ್ದ, ಚಳಿಗಾಲದ್ದು ಗಿಡ್ಡ. ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿನ ಆ ಕರಾವಳಿಯಲ್ಲಿ ಒಂದು ಗಂಟೆ ಸುಮಾರು 69 ನಿಮಿಷ. ಸೂರ್ಯನ ಲೆಕ್ಕದಲ್ಲಿ ಬೆಳಿಗ್ಗೆ ಐದರ ಹೊತ್ತಿಗೆ ಬೆಳಕಾಗುತ್ತದೆ. ನಾಲ್ಕನೇ ಗಂಟೆ ಅಂದರೆ ಎಂಟೂವರೆಯಿಂದ ಒಂಬತ್ತೂಮುಕ್ಕಾಲರ ಒಳಗೆ. ಒಂಬತ್ತನೆಯದು ಮಧ್ಯಾಹ್ನ ಎರಡೂಕಾಲರಿಂದ ಮೂರೂವರೆ. ಇಟ್ಟು ನೋಡಿ.

‘ತಂದೆಯರ ನೆನಪು’ ಬಂದಲ್ಲಿ ದಯವಿಟ್ಟು ವರ್ಷ ಲೆಕ್ಕ ಹಾಕಬೇಡಿ. ಅದು ನಾವು ‘ಅಪ್ಪಂದಿರ ಕಾಲದಲ್ಲಿ’ ಅನ್ನುವ ಹಾಗೆ. ಕ್ರಿ.ಪೂ. 58ರ ಕಥೆಯಲ್ಲೇ ಅದು ಎರಡು ಬೇರೆ ಘಟನೆಗಳಿಗೆ ಬರುತ್ತದೆ. ಒಂದು, 107ರಲ್ಲಿ ರೋಮ್‌ನ ಕಾನ್ಸಲ್ (ಅತ್ಯುನ್ನತ ಅಧಿಕಾರಿ) ಕ್ಯಾಸಿಯಸ್ ಹೆಲ್ವೆಟಿ ಬುಡಕಟ್ಟಿನವರ ಕೈಯಲ್ಲಿ ಸತ್ತ ಸೋಲು. ಇನ್ನೊಂದು, 102-101ರಲ್ಲಿ ರೋಮನ್ ಸೇನಾಪತಿ ಮಾರಿಯಸ್ ಜರ್ಮನ್ ಬುಡಕಟ್ಟುಗಳಾದ ಟ್ಯೂಟನರನ್ನೂ ಕಿಂಬ್ರಿಗಳನ್ನೂ ಸೋಲಿಸಿದ್ದು. ಘಟನೆ ಯಾವುದು ಅಂತ ಗುರುತಿಸಿ, ಅದರ ವರ್ಷ ಹಾಕಿ.

ಆ ಮಾತು ಯಾಕೆ ಬಂತು ಅನ್ನುವುದಕ್ಕೂ ಒಂದು ಕಾಲಂ ಇಡಿ. ನನಗೆ ಇದೇ ಜಾಸ್ತಿ ಮುಖ್ಯ. ಜರ್ಮನ್ನರ ಹೆಸರು ಕೇಳಿ ಸೈನಿಕರು ಡೇರೆಯೊಳಗೆ ಕೂತು ಅಳುತ್ತಿದ್ದರು, ಉಯಿಲು ಬರೆಯುತ್ತಿದ್ದರು. ಮಾರಿಯಸ್‌ನ ಗೆಲುವನ್ನು ಸೀಸರ್ ನೆನಪಿಸಿದ್ದು ಅವರಿಗೆ ಧೈರ್ಯ ತುಂಬಲು. ಕ್ಯಾಸಿಯಸ್ ವಿಷಯ ಹೆಲ್ವೆಟಿಗಳ ಮೇಲಿನ ಸೇಡಿನದು. ಆ ಸೋಲಿನಲ್ಲಿ ಸೀಸರ್‌ನ ಮಾವನ (ಹೆಂಡತಿಯ ತಂದೆಯ) ಅಜ್ಜನೂ ಸತ್ತಿದ್ದ.

ನಕ್ಷೆಪ್ರಿಯ:
ಸರ್, ಕೂತಿತು! ಹೊರಟಿದ್ದು ನಡುರಾತ್ರಿ ದಾಟಿದ ಮೇಲೆ, ಗುಡ್ಡ ಕಂಡಿದ್ದು ಒಂಬತ್ತರ ಬಿಸಿಲಲ್ಲಿ. ತಾರೀಖು ಮಾತ್ರ ಬಾಕಿ. ಇಳಿದ ನಾಲ್ಕನೇ ದಿನದ ರಾತ್ರಿ ಹುಣ್ಣಿಮೆ ಇತ್ತು, ಭಾರಿ ಭರತ ಬಂದು ಹಡಗುಗಳು ಒಡೆದವು ಅಂತ ಅವನೇ ಬರೆದಿದ್ದಾನೆ. ಆದರೆ ಹುಣ್ಣಿಮೆ ಲೆಕ್ಕದ ಪ್ರೋಗ್ರಾಂಗೆ -55 ಕೊಟ್ಟರೆ ಆಗಸ್ಟ್ ಕೊನೆಗೆ ಹುಣ್ಣಿಮೆಯೇ ಬರುತ್ತಿಲ್ಲ.

ಹಳೆಗಡಿಯಾರ:
-54 ಕೊಡಿ. ಖಗೋಳ ಲೆಕ್ಕದಲ್ಲಿ ಸೊನ್ನೆ ವರ್ಷ ಇದೆ, ಕ್ರಿ.ಪೂ. ಎಣಿಕೆಯಲ್ಲಿ ಇಲ್ಲ. ಹಾಗಾಗಿ ಕ್ರಿ.ಪೂ. 1 ಅಂದರೆ 0, ಕ್ರಿ.ಪೂ. 55 ಅಂದರೆ -54.

ನಕ್ಷೆಪ್ರಿಯ:
ಸಿಕ್ಕಿತು, ಆಗಸ್ಟ್ 30-31ರ ಸುಮಾರಿಗೆ ಹುಣ್ಣಿಮೆ. ಅಲ್ಲಿಂದ ಹಿಂದಕ್ಕೆ ಎಣಿಸಿ ಇಳಿದ ದಿನವನ್ನು 26-27 ಅಂತ ಹಾಕಿದ್ದೇನೆ.