ಮದರಂಗಿ ಹಚ್ಚಿದ ನರೆಗೂದಲು ಕಿತ್ತಳೆಯಾಗದಂತೆ ಏನು ಬೆರೆಸಬೇಕು?

ಪ್ರಶ್ನೆ:
ಅಂಗಡಿಯ ಡೈಯಿಂದ ನೆತ್ತಿಯಲ್ಲಿ ಉರಿ, ತುರಿಕೆ ಶುರುವಾದ ಮೇಲೆ ನಾನು ಮದರಂಗಿಯನ್ನೇ ಹಚ್ಚಿಕೊಳ್ಳುತ್ತಿದ್ದೇನೆ. ಕಪ್ಪು ಕೂದಲಿನ ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಆದರೆ ಬೈತಲೆಯ ಮತ್ತು ಕಿವಿಯ ಪಕ್ಕದ ನರೆಗೂದಲು ಕ್ಯಾರೆಟ್ಟಿನಂತಾಗುತ್ತದೆ. ಮೊಸರು, ಬೀಟ್‌ರೂಟ್ ರಸ ಎರಡನ್ನೂ ಬೆರೆಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಬರುವ ತಿಂಗಳು ತಂಗಿಯ ಮದುವೆಯಿದೆ. ಅಡುಗೆಮನೆಯ ಪದಾರ್ಥಗಳಿಂದ ಕಂದು ಬಣ್ಣ ತರಲು ಸಾಧ್ಯವೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವೇ ಕಿತ್ತಳೆಗೆಂಪು. ನರೆಗೂದಲಿನಲ್ಲಿ ಅದರ ಅಡಿಗೆ ಕಪ್ಪು ಇಲ್ಲದ ಕಾರಣ ಬಣ್ಣ ಇದ್ದ ಹಾಗೆಯೇ ಎದ್ದು ಕಾಣುತ್ತದೆ. ಬೀಟ್‌ರೂಟಿನ ಕೆಂಪು ಕೂದಲಿಗೆ ಅಂಟುವುದಿಲ್ಲ, ಮೊದಲ ಸ್ನಾನದಲ್ಲೇ ಹೋಗುತ್ತದೆ. ಮೊಸರಿನ ಪ್ರೋಟೀನ್ ಬಣ್ಣವನ್ನು ತಾನೇ ಹಿಡಿದುಕೊಳ್ಳುವುದರಿಂದ ಕೂದಲಿಗೆ ಸಿಗುವುದು ಕಡಿಮೆಯಾಗುತ್ತದೆ. ಅವೆರಡನ್ನೂ ಬಿಟ್ಟು, ನಾಲ್ಕು ಪಾಲು ಮದರಂಗಿಗೆ ಒಂದು ಪಾಲು ನೆಲ್ಲಿಕಾಯಿ ಪುಡಿ ಸೇರಿಸಿ. ಅದರ ಹುಳಿ ಬಣ್ಣ ಬಿಡಲು ಸಾಕು, ಕಿತ್ತಳೆಯ ಹೊಳಪೂ ತಗ್ಗುತ್ತದೆ. ನಿಂಬೆರಸ ಮಾತ್ರ ಕೂದಲನ್ನು ತೆಂಗಿನ ನಾರಿನಂತೆ ಒರಟಾಗಿಸುತ್ತದೆ. ತೊಳೆದ ಕೂಡಲೇ ಬಣ್ಣ ನೋಡಿ ಗಾಬರಿಯಾಗಬೇಡಿ: ಗಾಳಿ ತಗುಲಿ ಅದು ಗಾಢವಾಗಲು ಎರಡು ಮೂರು ದಿನ ಬೇಕು, ಅಲ್ಲಿಯವರೆಗೆ ಶಾಂಪೂ ಹಾಕಬೇಡಿ.

ಉತ್ತರ 2:
ನಮ್ಮ ಅಮ್ಮ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಮದರಂಗಿಯನ್ನು ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲ್ಪದರ ಮತ್ತು ಬಾಣಲೆಯ ಅಂಚು ಕಪ್ಪಾಗಿರುತ್ತಿದ್ದವು. ಚಹಾದ ಒಗರು ಮತ್ತು ಕಬ್ಬಿಣ ಸೇರಿದಾಗ ಕಪ್ಪು ಬರುವುದು, ಹಿಂದೆ ಶಾಯಿ ತಯಾರಿಸುತ್ತಿದ್ದುದೂ ಇದೇ ಗುಣದಿಂದ. ಆದರೆ ಮುಂದೆ ಪಾರ್ಲರಿನಲ್ಲಿ ಬ್ಲೀಚ್ ಮಾಡಿಸುವ ಯೋಚನೆಯಿದ್ದರೆ ಬಾಣಲೆ ಬೇಡ. ಲೋಹದ ಅಂಶ ಉಳಿದ ಕೂದಲು ಬ್ಲೀಚಿಗೆ ಹಾಳಾಗಬಹುದು.

ಉತ್ತರ 3:
ನೆಲ್ಲಿಕಾಯಿ, ಚಹಾ ಎರಡೂ ಕಿತ್ತಳೆಯನ್ನು ಮಂಕಾಗಿಸುತ್ತವೆ, ಅಷ್ಟೇ. ಪೂರ್ತಿ ನರೆತ ಕೂದಲಿಗೆ ನಿಜವಾದ ಕಂದು ಬೇಕಾದರೆ ನೀಲಿ ಎಲೆಯ ಪುಡಿ, ಅಂದರೆ ಇಂಡಿಗೋ, ಬೇಕೇ ಬೇಕು. ಮೊದಲು ಮದರಂಗಿ ಹಚ್ಚಿ ತೊಳೆದು, ಬಳಿಕ ಇಂಡಿಗೋವನ್ನು ಬರೀ ಬೆಚ್ಚಗಿನ ನೀರಿನಲ್ಲಿ ಕಲಸಿ, ಹತ್ತು ಹದಿನೈದು ನಿಮಿಷ ಬಿಟ್ಟು ತಡಮಾಡದೆ ಹಚ್ಚಬೇಕು. ನಾನು ಒಮ್ಮೆ ಅದಕ್ಕೂ ನಿಂಬೆರಸ ಹಿಂಡಿ, ಎರಡು ಗಂಟೆ ಕುಳಿತರೂ ಬಣ್ಣ ಹಿಡಿಯದೆ ನಿರಾಶಳಾಗಿದ್ದೆ. ಹುಳಿ ಅದಕ್ಕೆ ಆಗಿಬರುವುದಿಲ್ಲ. ನಿಮಗೆ ಡೈಯಿಂದ ತುರಿಕೆ ಬಂದಿದೆಯಾದ್ದರಿಂದ ‘ಕಪ್ಪು ಮೆಹಂದಿ’ ಎಂಬ ಪೊಟ್ಟಣಗಳನ್ನು ದಯವಿಟ್ಟು ಮುಟ್ಟಬೇಡಿ; ಅವುಗಳಲ್ಲಿ ಹಲವಕ್ಕೆ ಡೈಯಲ್ಲಿರುವ ಪಿಪಿಡಿ ರಾಸಾಯನಿಕವನ್ನೇ ಸೇರಿಸಿರುತ್ತಾರೆ. ಶುದ್ಧ ಪುಡಿಯನ್ನೂ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬಾಚಣಿಗೆಯಲ್ಲಿ ಉದುರಿದ ನರೆಗೂದಲನ್ನು ಕೂಡಿಟ್ಟು, ಒಂದು ಜೊಂಪೆಗೆ ನೆಲ್ಲಿಕಾಯಿ ಬೆರೆಸಿದ್ದನ್ನೂ ಇನ್ನೊಂದಕ್ಕೆ ಇಂಡಿಗೋವನ್ನೂ ಈ ಭಾನುವಾರ ಹಚ್ಚಿ ನೋಡುತ್ತೇನೆ. ಬುಧವಾರದ ಹೊತ್ತಿಗೆ ಬಣ್ಣ ಹೇಗೆ ನಿಂತಿತೆಂದು ಇಲ್ಲಿಯೇ ಬರೆಯುತ್ತೇನೆ.